ಛೇದ ಎಲ್ಲಿ ಹೋಯಿತು? ಜಾಹೀರಾತು ಮತ್ತು ಪ್ರಚಾರತಂತ್ರ ಓದುವವರಿಗೆ ಟಿಪ್ಪಣಿ

ಜಗಳೂರು ತಾಲ್ಲೂಕಿನ ನಮ್ಮೂರ ಪಕ್ಕ ಒಂದು ಬೀಜದ ಕಂಪನಿಯವರು ಮೆಕ್ಕೆಜೋಳದ ಕ್ಷೇತ್ರೋತ್ಸವ ಮಾಡಿದ್ದರು. ಹೊಲದ ಬದುವಿಗೆ ಶಾಮಿಯಾನ, ತಳಿಯ ಹೆಸರು ಬರೆದ ಟೋಪಿ, ಬಂದವರಿಗೆಲ್ಲ ಮಂಡಕ್ಕಿ ಮಿರ್ಚಿ. ಹೊಲದ ಯಜಮಾನರೇ ಮೈಕ್ ಹಿಡಿದರು. ಒಂದು ತೆನೆ ಮುರಿದು, ಸಿಪ್ಪೆ ಸುಲಿದು, ತುದಿಯವರೆಗೂ ಕಾಳು ಕಟ್ಟಿದ್ದನ್ನು ಎತ್ತಿ ತೋರಿಸಿ, "ಹೋದ ವರ್ಷ ಎಕರೆಗೆ ಮೂವತ್ತು ಕ್ವಿಂಟಾಲ್ ಬಂದೈತಿ, ನಾನೂ ನಿಮ್ಮಂಗೇ ರೈತ" ಅಂದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮುಂದಿನ ಮುಂಗಾರಿಗೆ ಅಪ್ಪ ಅದೇ ಬೀಜ ತಂದು ಬಿತ್ತಿದರು. ಅದರ ಅರ್ಧವೂ ಬರಲಿಲ್ಲ.

ಆ ತಾಕಿಗೆ ಬೋರ್ ನೀರಿತ್ತು, ಡ್ರಿಪ್ ಇತ್ತು. ನಮ್ಮದು ಮಳೆ ನಂಬಿದ ಮಸಾರಿ ಹೊಲ. "ನೀರು ಎಷ್ಟು ಸಲ ಕೊಟ್ರಿ?" ಅಂತ ಆವತ್ತು ಯಾರೂ ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ.

ಪರೀಕ್ಷೆಗೆಂದು ಜಾಹೀರಾತು, ಪ್ರಚಾರತಂತ್ರದ ಪಾಠ ಓದಲು ಕೂತಾಗ ನನಗೆ ಮೊದಲು ನೆನಪಾದದ್ದು ಆ ತೆನೆ. ಪ್ರಚಾರ ಅಂದರೆ ಸುಳ್ಳು, ಸುಳ್ಳು ಹಿಡಿದುಬಿಟ್ಟರೆ ಕೆಲಸ ಮುಗಿಯಿತು ಅಂತ ನಮ್ಮಲ್ಲಿ ಹಲವರು ಅಂದುಕೊಂಡಿದ್ದೇವೆ. ಅದು ಸಾಲದು. ನಮ್ಮ ಕೈ ಜೇಬಿಗೆ ಹೋಗುವಂತೆ ಮಾಡುವುದು ಬಹಳ ಸಲ ನಿಜವೇ, ಆದರೆ ಒಂದು ತುಂಡು ಕತ್ತರಿಸಿ ತೆಗೆದ ನಿಜ. ಹಾಗಾಗಿ ಇಡೀ ಟಿಪ್ಪಣಿಯನ್ನು ಒಂದೇ ಪ್ರಶ್ನೆ ಹಿಡಿದು ಬರೆದಿದ್ದೇನೆ: ಇಲ್ಲಿ ಬಿಟ್ಟಿರುವುದು ಏನು?

ಮೊದಲು ಪದದ ವಿಷಯ. 1622ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಕ್ರೈಸ್ತ ಧರ್ಮ ಹರಡಲು ರೋಮ್‌ನಲ್ಲಿ ಒಂದು ಮಂಡಳಿ ಮಾಡಿದರು. ಅದರ ಲ್ಯಾಟಿನ್ ಹೆಸರಿನಿಂದಲೇ ಇಂಗ್ಲಿಷಿನ 'ಪ್ರೊಪಗಾಂಡಾ' ಪದ ಬಂದದ್ದು. ಕೆಟ್ಟ ಅರ್ಥ ಅಂಟಿಕೊಂಡದ್ದು ಬಹಳ ಕಾಲದ ಮೇಲೆ. ನಮ್ಮ 'ಪ್ರಚಾರ'ಕ್ಕೆ ಇವತ್ತಿಗೂ ಆ ಕಳಂಕವಿಲ್ಲ, ಜಾತ್ರೆಗೂ ಪ್ರಚಾರ, ಚುನಾವಣೆಗೂ ಪ್ರಚಾರ. 'ಅಪಪ್ರಚಾರ' ಅಂದರೆ ಚಾಡಿ ಅನ್ನುವ ಅರ್ಥವೇ ಹೆಚ್ಚು. ಅದಕ್ಕೆ ಇಲ್ಲಿ 'ಪ್ರಚಾರತಂತ್ರ' ಅನ್ನುತ್ತೇನೆ. ಉತ್ತರ ಪತ್ರಿಕೆಯಲ್ಲಿ ನೀವು ಯಾವ ಪದ ಬಳಸಿದರೂ ಅದರ ಅರ್ಥವನ್ನು ಒಂದು ಸಾಲಿನಲ್ಲಿ ಹೇಳಿಬಿಡಿ.

ಯುರೋಪಿನಲ್ಲಿ ಹಿಟ್ಲರನ ರೇಡಿಯೊ ಮೊಳಗುತ್ತಿದ್ದ ಕಾಲ, 1937. ನ್ಯೂಯಾರ್ಕ್‌ನಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಪ್ರೊಪಗಾಂಡಾ ಅನಾಲಿಸಿಸ್ ಅನ್ನುವ ಸಂಸ್ಥೆ ಶುರುವಾಯಿತು. ಜನಸಾಮಾನ್ಯರಿಗೆ ತಿಳಿಯುವ ಹಾಗೆ ಅದು ಏಳು ತಂತ್ರಗಳನ್ನು ಗುರುತಿಸಿತು. 1942ರಲ್ಲಿ ಸಂಸ್ಥೆ ಮುಚ್ಚಿತು, ಆ ಪಟ್ಟಿ ಮಾತ್ರ ಈಗಲೂ ಪಠ್ಯದಲ್ಲಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹಣೆಪಟ್ಟಿ ಹಚ್ಚುವುದು, ಹೊಳೆಯುವ ಮಾತು, ಬೇರೆಯದರ ಬೆಳಕನ್ನು ಸರಕಿಗೆ ವರ್ಗಾಯಿಸುವುದು, ದೊಡ್ಡವರ ಸಾಕ್ಷಿ, 'ನಾನೂ ನಿಮ್ಮಂಥವನೇ', ಎಲೆ ಜೋಡಿಸುವುದು, 'ಎಲ್ಲರೂ ಹೊರಟರು, ನೀವೂ ಬನ್ನಿ'. ನಮ್ಮೂರ ಕ್ಷೇತ್ರೋತ್ಸವದಲ್ಲಿ ಇವುಗಳಲ್ಲಿ ಕಡೇಪಕ್ಷ ಮೂರು ಒಟ್ಟಿಗೇ ಇದ್ದವು. ಪರೀಕ್ಷೆಯಲ್ಲಿ ಒಂದು ಜಾಹೀರಾತಿಗೆ ಒಂದೇ ತಂತ್ರ ಅಂತ ಬರೆದು ನಿಲ್ಲಿಸಬೇಡಿ.

ಹಣೆಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚುನಾವಣೆ ಬಂದಾಗ ನಮ್ಮ ಕಿವಿಗೆ ಬೀಳುವುದೆಲ್ಲ ಅದೇ. ಹೊಳೆಯುವ ಮಾತಿಗೆ ದಾವಣಗೆರೆಯವರು ದೂರ ಹೋಗಬೇಕಿಲ್ಲ, ಬೆಣ್ಣೆದೋಸೆ ಬೋರ್ಡುಗಳನ್ನು ನೋಡಿದರೆ ಸಾಕು. 'ಒರಿಜಿನಲ್', 'ಅಸಲಿ', 'ಅದೇ ಹಳೇ ರುಚಿ'. ಈ ಮಾತುಗಳನ್ನು ಅಳೆಯಲು ಬರುವುದಿಲ್ಲ, ಅಲ್ಲಗಳೆಯಲೂ ಬರುವುದಿಲ್ಲ. ದೋಸೆಯ ವಿಷಯದಲ್ಲಿ ಅದರಿಂದ ನಷ್ಟವೇನಿಲ್ಲ, ನಾಲಿಗೆಯೇ ತೀರ್ಪು ಕೊಡುತ್ತದೆ. ಅದೇ ಮಾತು ಊರಗೋಡೆಯ ಮೇಲೆ 'ಸಕ್ಕರೆ ಕಾಯಿಲೆ ಬುಡಸಮೇತ ಗುಣ' ಅಂತ ಬಂದರೆ ಲೆಕ್ಕ ಬೇರೆ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆಯ ಪ್ರಕಾರ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವುದೇ ಅಪರಾಧ. ಅಂಥ ಬರಹ ನೋಡಿ ಮಾತ್ರೆ ಬಿಟ್ಟವರು ನಮ್ಮ ಬೀದಿಯಲ್ಲೇ ಇದ್ದಾರೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ವರ್ಗಾವಣೆಗೆ ಎಲ್ಲ ಕಡೆ ಕೊಡುವ ಉದಾಹರಣೆ 1929ರದ್ದು. ಅಮೆರಿಕದಲ್ಲಿ ಹೆಂಗಸರು ಬೀದಿಯಲ್ಲಿ ಸಿಗರೇಟು ಸೇದುವುದನ್ನು ಜನ ಒಪ್ಪುತ್ತಿರಲಿಲ್ಲ. ತಂಬಾಕು ಕಂಪನಿಯೊಂದಕ್ಕಾಗಿ ಎಡ್ವರ್ಡ್ ಬರ್ನೇಸ್ ಅನ್ನುವ ಪ್ರಚಾರ ಸಲಹೆಗಾರ, ನ್ಯೂಯಾರ್ಕ್‌ನ ಈಸ್ಟರ್ ಮೆರವಣಿಗೆಯಲ್ಲಿ ಯುವತಿಯರು ಸಿಗರೇಟು ಹಚ್ಚಿಕೊಂಡು ನಡೆಯುವಂತೆ ಏರ್ಪಾಡು ಮಾಡಿದ. ಪತ್ರಿಕೆಗಳಿಗೆ ಅದನ್ನು 'ಸ್ವಾತಂತ್ರ್ಯದ ಪಂಜು' ಅಂತ ಪರಿಚಯಿಸಿದ. ಹೆಣ್ಣುಮಕ್ಕಳ ಹೋರಾಟ ನಿಜ, ಅವರ ಆಸೆ ನಿಜ. ಆ ಬೆಳಕನ್ನು ತಂದು ಸಿಗರೇಟಿನ ತುದಿಗೆ ಹಚ್ಚಿದ, ಹಿಂದೆ ನಿಂತ ಕಂಪನಿಯನ್ನು ಚಿತ್ರದಿಂದ ಕತ್ತರಿಸಿದ.

ದೊಡ್ಡವರ ಸಾಕ್ಷಿಗೆ ಕಾನೂನಿನ ಒಂದು ಅಂಶ ನೆನಪಿಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟ ನಟ, ಆಟಗಾರರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ. ಹಾಗಂತ ಸಾಕ್ಷಿ ತಂತ್ರವೇ ಕೆಟ್ಟದ್ದಲ್ಲ. ಪೋಲಿಯೊ ಹನಿ ಹಾಕಿಸಿ ಅಂತ ಅಮಿತಾಭ್ ಬಚ್ಚನ್ ಟಿವಿಯಲ್ಲಿ ಹೇಳಿದ್ದೂ ಇದೇ ತಂತ್ರ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ತಂತ್ರ ಗುರುತಿಸಿದ ಕೂಡಲೇ 'ಮೋಸ' ಅಂತ ಬರೆಯುವುದು ನಮ್ಮ ಓದಿನ ಗುಂಪಿನ ಹಲವರು ಮಾಡುವ ತಪ್ಪು, ನಾನೂ ಮೊದಲು ಹಾಗೇ ಬರೆಯುತ್ತಿದ್ದೆ. ಬಿಟ್ಟ ತುಂಡು ತಿಳಿದ ಮೇಲೂ ನನ್ನ ತೀರ್ಮಾನ ಅದೇ ಇರುತ್ತದೆಯೇ ಅಂತ ನೋಡಬೇಕು. ಪೋಲಿಯೊ ವಿಷಯದಲ್ಲಿ ಅದೇ ಇರುತ್ತದೆ, ಬೀಜದ ವಿಷಯದಲ್ಲಿ ಇರುವುದಿಲ್ಲ.

ಈಗ ಎಲೆ ಜೋಡಿಸುವುದು. ಇಂಗ್ಲಿಷಿನವರು ಕಾರ್ಡ್ ಸ್ಟ್ಯಾಕಿಂಗ್ ಅನ್ನುತ್ತಾರೆ: ಇಸ್ಪೀಟು ಕಟ್ಟಿನಲ್ಲಿ ಬೇಕಾದ ಎಲೆ ಮೇಲೆ, ಬೇಡದ್ದು ಕೆಳಗೆ. ಮಿಕ್ಕ ಆರೂ ಇದರ ಮಕ್ಕಳು ಅಂತ ನನಗೆ ಅನ್ನಿಸುತ್ತದೆ.

ಫಲಿತಾಂಶ ಬಂದ ಮೇಲೆ ದಾವಣಗೆರೆಯ ವಿದ್ಯಾನಗರದ ಕಡೆ ಒಂದು ಸುತ್ತು ನಡೆದು ಬನ್ನಿ, ಕೋಚಿಂಗ್ ಫ್ಲೆಕ್ಸ್‌ಗಳ ಸಾಲು. ಹೋದ ವರ್ಷ ಒಂದೇ ಹುಡುಗಿಯ ಫೋಟೊ, ಅದೇ ನೀಲಿ ಚೂಡಿದಾರ್, ಅದೇ ಪಾಸ್‌ಪೋರ್ಟ್ ಸೈಜಿನ ನಗು, ಎರಡು ಬೇರೆ ಬೇರೆ ಸಂಸ್ಥೆಗಳ ಬೋರ್ಡಿನಲ್ಲಿತ್ತು. ಎರಡರ ಕೆಳಗೂ 'ನಮ್ಮ ಹೆಮ್ಮೆಯ ವಿದ್ಯಾರ್ಥಿನಿ'. ಎರಡೂ ನಿಜವೇ ಇರಬಹುದು: ಒಂದು ಕಡೆ ಎರಡು ವರ್ಷ ಓದಿ, ಇನ್ನೊಂದು ಕಡೆ ಮಾದರಿ ಪರೀಕ್ಷೆ ಮಾತ್ರ ಬರೆದಿರಬಹುದು. ಆ ತುಂಡನ್ನೇ ಬೋರ್ಡ್ ಹೇಳುವುದಿಲ್ಲ. ಮೇಲೆ ಹನ್ನೆರಡು ಫೋಟೊ ಇತ್ತು. ಹನ್ನೆರಡು ಎಷ್ಟರಲ್ಲಿ? ಐವತ್ತರಲ್ಲೋ, ಎರಡು ಸಾವಿರದಲ್ಲೋ? ಭಿನ್ನರಾಶಿಯಲ್ಲಿ ಮೇಲಿನ ಅಂಶ ಮಾತ್ರ ಬರೆದು ಕೆಳಗಿನ ಛೇದ ಅಳಿಸಿದ ಹಾಗೆ. ಛೇದ ಅಂದರೆ ಕತ್ತರಿಸುವುದು ಅಂತಲೂ ಅರ್ಥ ಇದೆಯಲ್ಲ, ಅದಕ್ಕೆ ಈ ತಂತ್ರವನ್ನು ನಾನು ಆ ಪದದಿಂದಲೇ ನೆನಪಿಟ್ಟುಕೊಂಡಿದ್ದೇನೆ.

ಕಾನೂನು ಈ ತುಂಡನ್ನು ಗುರುತಿಸಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಯಶಸ್ಸು ಕಂಡ ವಿದ್ಯಾರ್ಥಿ ಯಾವ ಕೋರ್ಸ್ ತೆಗೆದುಕೊಂಡಿದ್ದ, ಎಷ್ಟು ಅವಧಿಯದು ಅನ್ನುವುದನ್ನು ಮುಚ್ಚಿಡುವಂತಿಲ್ಲ. ಆಯ್ಕೆಯಾದ ಮೇಲೆ ಅವರ ಲಿಖಿತ ಒಪ್ಪಿಗೆ ಇಲ್ಲದೆ ಫೋಟೊ ಹಾಕುವಂತಿಲ್ಲ. ಸಣ್ಣಕ್ಷರದ 'ಷರತ್ತುಗಳು ಅನ್ವಯ' ಬಗ್ಗೆ 2022ರ ಮಾರ್ಗಸೂಚಿ ಇದೆ: ಜಾಹೀರಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕರೆದು ಇಂಗ್ಲಿಷಿನಲ್ಲಿ ಷರತ್ತು ಹಾಕುವುದನ್ನು ನೋಡಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಕತ್ತರಿಸಿದ ತುಂಡು ಬೀಜದ ದುಡ್ಡಿಗೆ, ಕೋಚಿಂಗ್ ಫೀಸಿಗೆ ನಿಲ್ಲುವುದಿಲ್ಲ. 2018ರಲ್ಲಿ ನಮ್ಮೆಲ್ಲರ ಮೊಬೈಲಿಗೂ ಒಂದು ವಿಡಿಯೊ ಬಂದಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. 'ಮಕ್ಕಳ ಕಳ್ಳರು ನಮ್ಮ ಕಡೆ ಬಂದಿದ್ದಾರೆ' ಅಂತ ಧ್ವನಿಸಂದೇಶ ಬೇರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಕಿರುಚಿತ್ರ. ಮೂಲದಲ್ಲಿ ಅದೇ ಬೈಕು ತಿರುಗಿ ಬಂದು ಮಗುವನ್ನು ಇಳಿಸುತ್ತದೆ, ಸವಾರ ಎಚ್ಚರಿಕೆಯ ಫಲಕ ಎತ್ತಿ ಹಿಡಿಯುತ್ತಾನೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಅಂಥ ವದಂತಿಗಳ ಕಾವಿನಲ್ಲಿ ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕರನ್ನು ಜನ ಹೊಡೆದು ಕೊಂದರು. ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದಕ್ಕೆ ಕಳಿಸಬಹುದು ಅಂತ ಮಿತಿ ಹಾಕುವುದಾಗಿ ಹೇಳಿತು.

ಮತ್ತೆ ಮತ್ತೆ ಕೇಳಿದ್ದು ಯಾಕೆ ನಿಜ ಅನ್ನಿಸುತ್ತದೆ ಅಂತ ಕೇಳಿದರೆ 1977ರ ಅಧ್ಯಯನವೊಂದನ್ನು ಉಲ್ಲೇಖಿಸಿ. ಹ್ಯಾಶರ್, ಗೋಲ್ಡ್‌ಸ್ಟೈನ್, ಟೊಪಿನೊ ಅನ್ನುವ ಮನೋವಿಜ್ಞಾನಿಗಳು ಕೆಲವು ಹೇಳಿಕೆಗಳನ್ನು ವಾರಗಳ ಅಂತರದಲ್ಲಿ ವಿದ್ಯಾರ್ಥಿಗಳ ಮುಂದೆ ಮತ್ತೆ ಇಟ್ಟರು. ಸುಳ್ಳಾದರೂ ಸರಿಯೇ, ಪುನರಾವರ್ತನೆಯಾದ ಹೇಳಿಕೆಯನ್ನು ಅವರು ಹೆಚ್ಚು ಹೆಚ್ಚು ನಂಬುತ್ತ ಹೋದರು. ಆಷಾಢದ ರಿಯಾಯಿತಿ ಅಂತ ದಿನಕ್ಕೆ ಆರು ಸಲ ಮನೆ ಮುಂದೆ ಹಾಯುವ ಮೈಕಿನ ಆಟೊ ಇದೇ ಕೆಲಸ ಮಾಡುತ್ತದೆ. 'ಇನ್ನು ಮೂರೇ ಸೈಟು ಉಳಿದಿವೆ' ಅನ್ನುವ ಅವಸರ ಏಳರ ಪಟ್ಟಿಯಲ್ಲಿಲ್ಲ, ಆದರೆ ಕೇಳುವ ಮುಂಚೆ ಅಡ್ವಾನ್ಸ್ ಕೊಡಿಸುವುದು ಅದೇ.

ಕೊನೆಯದು 'ಎಲ್ಲರೂ ಹೊರಟರು'. 1951ರಲ್ಲಿ ಮನೋವಿಜ್ಞಾನಿ ಸಾಲೊಮನ್ ಆ್ಯಶ್ ಮಾಡಿದ ಪ್ರಯೋಗ ಸರಳ: ಮೂರು ಗೆರೆಗಳಲ್ಲಿ ಯಾವುದು ಎದುರಿನ ಗೆರೆಯಷ್ಟೇ ಉದ್ದ? ಗುಂಪಿನಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ತಪ್ಪು ಉತ್ತರ ಕೊಡುತ್ತಾರೆ. ಕಣ್ಣೆದುರಿಗೇ ಸರಿ ಉತ್ತರ ಇದ್ದರೂ ಸುಮಾರು ಮೂರರಲ್ಲಿ ಒಂದು ಸಲ ಆ ಒಬ್ಬನೂ ಗುಂಪಿನ ಉತ್ತರವನ್ನೇ ಹೇಳಿದ. ಹಲವರು ಇಷ್ಟಕ್ಕೇ ಬರೆದು ನಿಲ್ಲಿಸುತ್ತಾರೆ, ಮುಂದಿನದನ್ನು ಬಿಡಬೇಡಿ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ಆ ಒತ್ತಡ ಬಹುಪಾಲು ಕರಗುತ್ತದೆ.

ಈ ವರ್ಷ ಬೇರೊಂದು ಕಂಪನಿಯ ಕ್ಷೇತ್ರೋತ್ಸವ ಇತ್ತು. ಅದೇ ಶಾಮಿಯಾನ, ಅದೇ ಮಂಡಕ್ಕಿ. ತೆನೆ ಸುಲಿದು ತೋರಿಸಿದ ಮೇಲೆ ಅಪ್ಪ ಕೂತಲ್ಲಿಂದಲೇ ಕೇಳಿದರು: "ಯಜಮಾನ್ರೇ, ನೀರು ಎಷ್ಟು ಸಲ ಬಿಟ್ರಿ?" ಹೊಲದವರು ಮುಚ್ಚುಮರೆ ಮಾಡಲಿಲ್ಲ, "ಎಂಟು ಸಲ" ಅಂದರು. ಕಂಪನಿಯ ಹುಡುಗ ಮೈಕ್ ತೆಗೆದುಕೊಳ್ಳಲು ಕೈ ಚಾಚುವಷ್ಟರಲ್ಲಿ ಹಿಂದಿನ ಸಾಲಿನಿಂದ ಇನ್ನೊಬ್ಬರು ಎದ್ದು ಗೊಬ್ಬರದ ಲೆಕ್ಕ ಕೇಳಿದರು.