ಫ್ಲೋರೋಕಾರ್ಬನ್ ಲೈನ್: ಆರಿಸುವುದು ಹೇಗೆ, ಹದ ಮಾಡುವುದು ಹೇಗೆ

ಫ್ಲೋರೋಕಾರ್ಬನ್ ಲೈನ್ ಅಂದರೆ ಗಾಳದ ರೀಲಿಗೆ ಸುತ್ತುವ ಒಂದು ಬಗೆಯ ಒಂಟಿ ಎಳೆಯ ದಾರ. ನೋಡೋಕೆ ನೈಲಾನ್ ದಾರದ ಹಾಗೇ ಇರುತ್ತದೆ. ಕೈಯಲ್ಲಿ ಹಿಡಿದರೆ ಸ್ವಲ್ಪ ಬಿರುಸು, ನೀರಿಗೆ ಬಿಟ್ಟರೆ ಮುಳುಗುತ್ತದೆ. ಇದನ್ನು ಮಾಡುವುದು ಪಾಲಿವಿನೈಲಿಡೀನ್ ಫ್ಲೋರೈಡ್ ಎಂಬ ಪ್ಲಾಸ್ಟಿಕ್‌ನಿಂದ. ಚಿಕ್ಕದಾಗಿ ಪಿವಿಡಿಎಫ್ ಅನ್ನುತ್ತಾರೆ. ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಇದನ್ನು ಮೀನಿನ ದಾರವಾಗಿ ತಂದಿತು. ಸೀಗಾರ್ ಅನ್ನುವ ಹೆಸರು ಅವರದ್ದೇ. ಮೊದಮೊದಲು ಇದು ಎಷ್ಟು ಬಿರುಸಾಗಿತ್ತು ಅಂದರೆ ಗಾಳದ ಹತ್ತಿರದ ತುಂಡಿಗೆ, ಅಂದರೆ ಲೀಡರ್‌ಗೆ ಮಾತ್ರ ಆಗುತ್ತಿತ್ತು. ರೀಲಿನ ತುಂಬ ಸುತ್ತುವಷ್ಟು ಮೆದುವಾದ ದಾರ ಬಂದದ್ದು ಆಮೇಲೆ.

ಅಂಗಡಿಯಲ್ಲಿ ಕೇಳಿದರೆ ಮೊದಲು ಬರುವ ಮಾತು, ‘ಇದು ನೀರಲ್ಲಿ ಕಾಣಿಸೋದೇ ಇಲ್ಲ ಸರ್’ ಅಂತ. ಇದರಲ್ಲಿ ಸ್ವಲ್ಪ ನಿಜವಿದೆ. ಒಂದು ವಸ್ತುವಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಅನ್ನುವುದಕ್ಕೆ ವಕ್ರೀಭವನ ಸೂಚ್ಯಂಕ ಅಂತ ಒಂದು ಅಳತೆ ಇದೆ. ನೀರಿಗೆ ಅದು 1.33, ಪಿವಿಡಿಎಫ್‌ಗೆ ಸುಮಾರು 1.42, ನೈಲಾನ್‌ಗೆ ಸುಮಾರು 1.53. ನೀರಿಗೆ ಹತ್ತಿರ ಇದ್ದಷ್ಟೂ ಕಣ್ಣಿಗೆ ಬೀಳುವುದು ಕಡಿಮೆ. ಹತ್ತಿರ ಅಷ್ಟೇ, ಒಂದೇ ಅಲ್ಲ. ಗಾಜಿನ ಲೋಟದಲ್ಲಿ ನೀರು ತುಂಬಿ ಎರಡೂ ದಾರ ಇಳಿಬಿಟ್ಟು ನೋಡಿ. ಫ್ಲೋರೋಕಾರ್ಬನ್ ಮಸುಕಾಗುತ್ತದೆ, ಮಾಯವಾಗುವುದಿಲ್ಲ. ಬರೀ ಈ ಒಂದು ಗುಣಕ್ಕೋಸ್ಕರ ನೈಲಾನ್‌ಗಿಂತ ಅಷ್ಟು ಜಾಸ್ತಿ ದುಡ್ಡು ಕೊಡಬೇಡಿ ಅಂತಲೇ ನಾನು ಹೇಳುವುದು.

ದುಡ್ಡು ಕೊಡಬೇಕಾದ ಗುಣಗಳು ಬೇರೆ ಇವೆ. ಮೊದಲನೆಯದು ತೂಕ. ಒಂದು ಘನ ಸೆಂಟಿಮೀಟರ್ ಪಿವಿಡಿಎಫ್ ಸುಮಾರು 1.78 ಗ್ರಾಂ ತೂಗುತ್ತದೆ. ನೈಲಾನ್ 1.14 ಗ್ರಾಂ, ಬ್ರೇಡ್ (ಹಲವು ಎಳೆ ಹೆಣೆದ ದಾರ) ಮಾಡುವ ಪಾಲಿಎಥಿಲೀನ್ 0.97 ಗ್ರಾಂ. ಹಾಗಾಗಿ ಬ್ರೇಡ್ ತೇಲುತ್ತದೆ, ನೈಲಾನ್ ನಿಧಾನಕ್ಕೆ ಇಳಿಯುತ್ತದೆ, ಇದು ಸೀದಾ ತಳಕ್ಕೆ ಹೋಗುತ್ತದೆ. ತಳದಲ್ಲಿ ಜಿಗ್ (ತೂಕದ ತಲೆಯ ಗಾಳ) ಆಡಿಸುವಾಗ, ಕ್ರ್ಯಾಂಕ್‌ಬೇಟ್ (ಎಳೆದರೆ ಮುಳುಗಿ ಓಡುವ ಹುಸಿಮೀನು) ಆಳಕ್ಕೆ ಓಡಿಸುವಾಗ ಇದು ದೊಡ್ಡ ಅನುಕೂಲ. ನೀರಿನ ಮೇಲೆ ಆಡುವ ಪಾಪರ್ ಅನ್ನುವ ಹುಸಿಮೀನಿಗೆ ಮಾತ್ರ ಕಟ್ಟಬೇಡಿ, ದಾರವೇ ಅದರ ಮೂತಿಯನ್ನು ಕೆಳಗೆ ಎಳೆಯುತ್ತದೆ.

ಎರಡನೆಯದು, ಇದು ನೀರು ಕುಡಿಯುವುದಿಲ್ಲ. ನೈಲಾನ್ ಗಂಟೆಗಟ್ಟಲೆ ನೀರಲ್ಲಿದ್ದರೆ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಇದು ಬೆಳಿಗ್ಗೆ ಹೇಗಿತ್ತೋ ಸಂಜೆಯೂ ಹಾಗೇ. ಬಿಸಿಲಿಗೂ ಬೇಗ ಹಾಳಾಗುವುದಿಲ್ಲ. ಮೂರನೆಯದು, ಉಜ್ಜಾಟ ತಡೆಯುವ ಶಕ್ತಿ. ನಮ್ಮ ಕರಾವಳಿಯಲ್ಲಿ ಇದರ ಬೆಲೆ ಗೊತ್ತಾಗುವುದು ಇಲ್ಲೇ. ಅಘನಾಶಿನಿಯಂಥ ಅಳಿವೆಯಲ್ಲಿ ಬಂಡೆ, ಸೇತುವೆ ಕಂಬ ಎಲ್ಲದಕ್ಕೂ ಚಿಪ್ಪು ಅಂಟಿಕೊಂಡಿರುತ್ತದೆ. ಆ ಚಿಪ್ಪಿನ ಅಂಚು ಬ್ಲೇಡಿನಷ್ಟೇ ಹರಿತ. ಗಾಳಕ್ಕೆ ಬಿದ್ದ ಬ್ಯಾರಮಂಡಿ ಮೀನು ಕಂಬದ ಹಿಂದಕ್ಕೆ ನುಗ್ಗಿದರೆ ಬರೀ ಬ್ರೇಡ್ ಕ್ಷಣದಲ್ಲಿ ತುಂಡಾಗುತ್ತದೆ. ಅದಕ್ಕೇ ಅಲ್ಲಿ ರೀಲಿನಲ್ಲಿ ಬ್ರೇಡ್ ಇಟ್ಟು, ತುದಿಗೆ ಒಂದು ಮೀಟರ್ ಆಸುಪಾಸು ದಪ್ಪ ಫ್ಲೋರೋಕಾರ್ಬನ್ ಲೀಡರ್ ಕಟ್ಟುತ್ತಾರೆ. ರೀಲಿನ ತುಂಬ ಫ್ಲೋರೋಕಾರ್ಬನ್ ಸುತ್ತುವ ಪದ್ಧತಿ ಹೆಚ್ಚು ಇರುವುದು ಅಮೆರಿಕ, ಜಪಾನಿನ ಸಿಹಿನೀರಿನ ಬಾಸ್ ಮೀನುಗಾರಿಕೆಯಲ್ಲಿ. ಅಮೆರಿಕದಲ್ಲಿದ್ದು ವಾರಾಂತ್ಯಕ್ಕೆ ಕೆರೆಗೆ ಹೋಗುವ ನಮ್ಮವರಿಗೆ ಮುಂದಿನ ಮಾತೆಲ್ಲ ನೇರವಾಗಿ ಬೇಕಾಗುತ್ತದೆ.

ಈ ದಾರದ ದೊಡ್ಡ ತೊಂದರೆಗೆ ಗಾಳದವರು ‘ಮೆಮೊರಿ’ ಅನ್ನುತ್ತಾರೆ. ಸುತ್ತಿಟ್ಟ ಹೊಸ ಕ್ಯಾಲೆಂಡರನ್ನು ಬಿಚ್ಚಿ ಗೋಡೆಗೆ ಹಾಕಿದರೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತದಲ್ಲ, ಹಾಗೆ. ಪಿವಿಡಿಎಫ್ ಬಿರುಸು ಪ್ಲಾಸ್ಟಿಕ್. ಸ್ಪೂಲಿನ, ಅಂದರೆ ರೀಲಿನಲ್ಲಿ ದಾರ ಸುತ್ತುವ ಉರುಳೆಯ ಮೇಲೆ ಬಾಗಿದ ಸ್ಥಿತಿಯಲ್ಲೇ ವಾರಗಟ್ಟಲೆ ಬಿಟ್ಟರೆ ಒಳಗಿನ ಉದ್ದುದ್ದ ಅಣುಸರಪಳಿಗಳು ನಿಧಾನಕ್ಕೆ ಜರುಗಿ ಆ ಬಾಗಿಗೇ ಒಗ್ಗಿಕೊಳ್ಳುತ್ತವೆ. ಆಮೇಲೆ ರಾಡ್ ಬೀಸಿದಾಗ ದಾರ ಸ್ಪ್ರಿಂಗಿನಂತೆ ಸುರುಳಿಯಾಗಿಯೇ ಹೊರಬರುತ್ತದೆ. ರಾಡಿನ ಮೇಲೆ ದಾರ ಹಾಯುವ ಮೊದಲ ಗೈಡ್ ರಿಂಗಿಗೆ ಬಡಿಯುತ್ತದೆ, ದೂರ ಹೋಗುವುದಿಲ್ಲ, ಸಡಿಲ ಸಿಕ್ಕಿದ ಕೂಡಲೇ ಗೋಜಲಾಗುತ್ತದೆ. ಸ್ಪೂಲ್ ಚಿಕ್ಕದಾದಷ್ಟೂ, ದಾರ ದಪ್ಪವಾದಷ್ಟೂ, ಸುತ್ತಿಟ್ಟ ಕಾಲ ಜಾಸ್ತಿಯಾದಷ್ಟೂ ಈ ಕಾಟ ಹೆಚ್ಚು. ಚಳಿಗೂ ದಾರ ಇನ್ನಷ್ಟು ಬಿರುಸಾಗುತ್ತದೆ.

ಹಾಗಾಗಿ ಆರಿಸುವಾಗಲೇ ಅರ್ಧ ಕೆಲಸ ಮುಗಿಸಬೇಕು. ಪೊಟ್ಟಣದ ಮೇಲೆ 100% ಫ್ಲೋರೋಕಾರ್ಬನ್ ಅಂತ ಇದೆಯಾ ನೋಡಿ. ಅಗ್ಗಕ್ಕೆ ಸಿಗುವ ಕೆಲವು ದಾರಗಳು ಒಳಗೆ ನೈಲಾನ್, ಮೇಲೆ ಮಾತ್ರ ಫ್ಲೋರೋಕಾರ್ಬನ್ ಲೇಪ. ಅವು ಮೆದು, ಬಳಸೋಕೆ ಸುಲಭ, ಆದರೆ ಮೇಲೆ ಹೇಳಿದ ಗುಣ ಪೂರ್ತಿ ಇರುವುದಿಲ್ಲ. 25 ಅಥವಾ 50 ಮೀಟರಿನ ಚಿಕ್ಕ ಉಂಡೆಯಲ್ಲಿ ಬರುವುದು ಸಾಮಾನ್ಯವಾಗಿ ಲೀಡರ್ ದಾರ. ಅದು ಬೇಕೆಂದೇ ಬಿರುಸಾಗಿ ಮಾಡಿದ್ದು, ರೀಲಿಗೆ ಸುತ್ತಬೇಡಿ.

ದಾರ ಎಷ್ಟು ಭಾರ ತಡೆಯುತ್ತದೆ ಅನ್ನುವುದನ್ನು ಪೌಂಡಿನಲ್ಲಿ ಹೇಳುತ್ತಾರೆ. ಸ್ಪಿನ್ನಿಂಗ್ ರೀಲ್, ಅಂದರೆ ಬೀಸುವಾಗ ಸ್ಪೂಲ್ ತಿರುಗದ ರೀಲ್ ಆದರೆ 6ರಿಂದ 8 ಪೌಂಡ್ ದಾರದಲ್ಲಿ ನಿಲ್ಲಿಸುವುದು ಒಳ್ಳೆಯದು. 10 ಪೌಂಡ್ ದಾಟಿದರೆ 2500 ಸೈಜಿನ ರೀಲಿನಲ್ಲಿ ಸುರುಳಿಯ ಜೊತೆ ಗುದ್ದಾಡುವುದೇ ಆಗುತ್ತದೆ. ಬೇಟ್‌ಕಾಸ್ಟರ್ ಅನ್ನುವ ಇನ್ನೊಂದು ಬಗೆಯ ರೀಲಿನಲ್ಲಿ ಸ್ಪೂಲೇ ತಿರುಗಿ ದಾರ ನೇರವಾಗಿ ಹೊರಬರುವುದರಿಂದ 12ರಿಂದ 17 ಪೌಂಡ್ ಕೂಡ ನಡೆಯುತ್ತದೆ. ಪೌಂಡಿಗಿಂತ ದಪ್ಪ ನೋಡಿ ಕೊಳ್ಳುವುದು ಇನ್ನೂ ಸರಿ, ಯಾಕಂದರೆ ಒಂದೇ ಪೌಂಡಿಗೆ ಒಂದೊಂದು ಕಂಪನಿ ಒಂದೊಂದು ದಪ್ಪ ಕೊಡುತ್ತದೆ. ಜಪಾನಿನ ಪೊಟ್ಟಣಗಳಲ್ಲಿ ‘ಗೋ’ ಅನ್ನುವ ಲೆಕ್ಕ ಇರುತ್ತದೆ. 1 ಗೋ ಅಂದರೆ 0.165 ಮಿ.ಮೀ., 2 ಗೋ ಅಂದರೆ 0.235 ಮಿ.ಮೀ., 3 ಗೋ ಅಂದರೆ 0.285 ಮಿ.ಮೀ. ಸ್ಪಿನ್ನಿಂಗ್ ರೀಲಿಗೆ 2 ಗೋ ಹೇಳಿ ಮಾಡಿಸಿದ್ದು.

ಇನ್ನು ಸುತ್ತುವುದು, ಹದ ಮಾಡುವುದು. ಇಲ್ಲಿ ಅವಸರ ಬೇಡ. ಒಂದು ಬಟ್ಟಲಲ್ಲಿ ಬಿಸಿನೀರು ತೆಗೆದುಕೊಳ್ಳಿ. ಕೈ ಇಟ್ಟರೆ ತಡೆದುಕೊಳ್ಳುವಷ್ಟು ಬಿಸಿ ಸಾಕು, ಕುದಿಯುವ ನೀರು ಬೇಡವೇ ಬೇಡ. ಹೊಸ ದಾರದ ಉಂಡೆಯನ್ನು ಅದರಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿಡಿ. ಕಾರ್ಖಾನೆಯಲ್ಲಿ ಸುತ್ತಿದಾಗ ಕೂತ ಬಾಗು ಇದರಿಂದ ಸ್ವಲ್ಪ ಸಡಿಲವಾಗುತ್ತದೆ. ಈ ಹೊತ್ತಿನಲ್ಲಿ ರೀಲಿನ ತಳಕ್ಕೆ ಅಗ್ಗದ ನೈಲಾನ್ ದಾರವನ್ನು ಅರ್ಧದಷ್ಟು ಸುತ್ತಿಕೊಳ್ಳಿ. ಒಂದು ಬೀಸಿಗೆ ಹೋಗುವುದು ಮೇಲಿನ ಮೂವತ್ತು ನಲವತ್ತು ಮೀಟರ್ ಮಾತ್ರ. ಕೆಳಗೆ ಕೂರುವ ದಾರಕ್ಕೆ ಸುಮ್ನೆ ಯಾಕೆ ದುಡ್ಡು? ಜೊತೆಗೆ, ಕೆಳಗೆ ನೈಲಾನ್ ಇದ್ದರೆ ಫ್ಲೋರೋಕಾರ್ಬನ್ ದೊಡ್ಡ ಸುತ್ತಿನ ಮೇಲೆ ಕೂರುತ್ತದೆ, ಬಾಗು ಕಡಿಮೆಯಾಗುತ್ತದೆ.

ಆಮೇಲೆ ಉಂಡೆಯನ್ನು ಲೇಬಲ್ ಮೇಲೆ ಮಾಡಿ ನೆಲದ ಮೇಲಿಡಿ. ತುದಿಯನ್ನು ನೈಲಾನ್‌ಗೆ ಗಂಟು ಹಾಕಿ, ಒದ್ದೆ ಬಟ್ಟೆಯಲ್ಲಿ ದಾರವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿ ಹಿಡಿದು ಹಿಡಿಕೆ ತಿರುಗಿಸಿ. ಇಪ್ಪತ್ತು ಸುತ್ತಾದ ಮೇಲೆ ನಿಲ್ಲಿಸಿ, ಕೈ ಸಡಿಲ ಮಾಡಿ ದಾರ ಏನು ಮಾಡುತ್ತದೆ ನೋಡಿ. ತಣ್ಣಗೆ ಜೋತುಬಿದ್ದರೆ ಸರಿ. ತನ್ನ ಸುತ್ತ ತಾನೇ ಹುರಿಗೊಂಡರೆ ಉಂಡೆಯನ್ನು ಮಗುಚಿ ಹಾಕಿ. ಈ ಒಂದು ನೋಟ ಆಮೇಲಿನ ಎಷ್ಟೋ ಗೋಜಲು ತಪ್ಪಿಸುತ್ತದೆ. ಇದು ಸ್ಪಿನ್ನಿಂಗ್ ರೀಲಿಗೆ. ಬೇಟ್‌ಕಾಸ್ಟರ್ ಆದರೆ ಉಂಡೆಯ ತೂತಿಗೆ ಪೆನ್ಸಿಲ್ ತೂರಿಸಿ ಯಾರಿಗಾದರೂ ಹಿಡಿಯೋಕೆ ಹೇಳಿ. ಅದೂ ತಿರುಗಬೇಕು, ಸ್ಪೂಲೂ ತಿರುಗಬೇಕು. ಯಾವುದೇ ಆದರೂ ಅಂಚಿನವರೆಗೆ ತುಂಬಬೇಡಿ, ಸುಮಾರು 3 ಮಿ.ಮೀ. ಖಾಲಿ ಬಿಡಿ.

ಸುತ್ತಿದ ಮೇಲೆ ಲೈನ್ ಕಂಡಿಷನರ್ ಅನ್ನುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟರೆ ದಾರ ನುಣುಪಾಗುತ್ತದೆ. ನೀರಿಗೆ ಹೋಗುವ ಹಿಂದಿನ ರಾತ್ರಿ ಹೊಡೆಯುವುದು ಸರಿಯಾದ ಹೊತ್ತು. ಆದರೆ ಸ್ಪ್ರೇಗಿಂತ ಜಾಸ್ತಿ ಕೆಲಸ ಮಾಡುವುದು ದಾರ ಎಳೆಯುವುದು. ದಡಕ್ಕೆ ಹೋದ ಮೇಲೆ ತುದಿಯನ್ನು ಒಂದು ಮರಕ್ಕೆ ಕಟ್ಟಿ. ಒಂದು ಬೀಸಿಗೆ ಹೋಗುವಷ್ಟು ದೂರ ನಡೆದು, ದಾರವನ್ನು ಹದವಾಗಿ ಎಳೆದು ಅರ್ಧ ನಿಮಿಷ ಹಿಡಿದುಕೊಳ್ಳಿ. ಸುರುಳಿ ಬಿಟ್ಟು ನೇರವಾಗುವುದು ಕಣ್ಣಿಗೇ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ. ಫ್ಲೋರೋಕಾರ್ಬನ್ ಹಿಗ್ಗುವುದಿಲ್ಲ ಅಂತ ತುಂಬ ಜನ ನಂಬಿದ್ದಾರೆ. ಜೋರಾಗಿ ಎಳೆದರೆ ಹಿಗ್ಗುತ್ತದೆ, ಹಿಗ್ಗಿದ್ದು ಪೂರ್ತಿ ಮೊದಲಿನಂತಾಗುವುದೂ ಇಲ್ಲ, ಅಲ್ಲಿ ಬಲ ಹೋಗುತ್ತದೆ.

ಗಂಟು ಹಾಕುವಾಗ ಎಂಜಲು ಅಥವಾ ನೀರು ಹಚ್ಚಿ ನಿಧಾನಕ್ಕೆ ಬಿಗಿ ಮಾಡಿ. ಒಣದಾರವನ್ನು ಸರ್ರಂತ ಎಳೆದರೆ ಉಜ್ಜಿದ ಬಿಸಿಗೇ ಮೇಲ್ಮೈ ಕೆಡುತ್ತದೆ. ಗಂಟಿನ ಪಕ್ಕದ ದಾರ ಸುಕ್ಕಾಗಿ ಕಂಡರೆ ಬಿಚ್ಚಿ ಹೊಸದು ಹಾಕಿ. ಪಾಲೊಮಾರ್ ಗಂಟು ಇದಕ್ಕೆ ಚೆನ್ನಾಗಿ ಕೂರುತ್ತದೆ.

ಹದ ಮಾಡಿದ್ದು ಶಾಶ್ವತ ಅಲ್ಲ. ರೀಲ್ ತಿಂಗಳುಗಟ್ಟಲೆ ಮೂಲೆಯಲ್ಲಿದ್ದರೆ ಮತ್ತೆ ಸುರುಳಿ ಕೂರುತ್ತದೆ, ಆಗ ಮತ್ತೊಮ್ಮೆ ಮರಕ್ಕೆ ಕಟ್ಟಿ ಎಳೆಯಬೇಕು. ಪ್ರತಿ ಸಲ ಹೊರಡುವ ಮುಂಚೆ ತುದಿಯ ಎರಡು ಮೂರು ಮೀಟರನ್ನು ಉಗುರಿನ ಮೇಲೆ ಹಾಯಿಸಿ. ಒರಟು ಸಿಕ್ಕಿದ ಕಡೆಯಿಂದ ಮುಂದಿನದ್ದನ್ನು ಕತ್ತರಿಸಿ ಹಾಕಿ. ಆ ತುಂಡನ್ನು ಜೇಬಿಗೆ ಹಾಕಿಕೊಂಡು ಮನೆಗೆ ತನ್ನಿ. ಇದು ಕೊಳೆಯುವ ವಸ್ತು ಅಲ್ಲ, ದಡದಲ್ಲಿ ಬಿಟ್ಟರೆ ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ.