ದುಡ್ಡು ಬಂದದ್ದು ಚಂಡಮಾರುತದ ನಂತರ: ನ್ಯೂಜೆರ್ಸಿಯ ಮರಳು ದಿಬ್ಬಗಳ ಹಿನ್ನೆಲೆ

ಅಮೆರಿಕದ ನ್ಯೂಜೆರ್ಸಿ ಕಡಲತೀರಕ್ಕೆ ಬೇಸಿಗೆಯಲ್ಲಿ ಹೋದವರು ಒಂದು ಬೋರ್ಡ್ ನೋಡಿಯೇ ಇರುತ್ತಾರೆ: ದಿಬ್ಬ ಹತ್ತಬೇಡಿ. ಎಡಿಸನ್ ಸುತ್ತಮುತ್ತ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೂ ಇದು ಗೊತ್ತಿರುವ ನೋಟ. ಮನೆಗಳಿಗೂ ಸಮುದ್ರಕ್ಕೂ ನಡುವೆ ಎತ್ತರದ ಮರಳು ದಿಬ್ಬ, ಅದರ ಮೇಲೆ ಸಾಲು ಸಾಲು ಹುಲ್ಲು, ಪಕ್ಕದಲ್ಲಿ ಕಟ್ಟಿಗೆ ಪಟ್ಟಿಗಳ ಬೇಲಿ. ಅದು ಮೊದಲಿಂದಲೂ ಹಾಗೇ ಇತ್ತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಈಗ ಕಾಣುವ ದಿಬ್ಬಗಳಲ್ಲಿ ಬಹಳಷ್ಟನ್ನು ಕಟ್ಟಿದ್ದು 2012ರ ಸ್ಯಾಂಡಿ ಚಂಡಮಾರುತ ಬಂದು ಹೋದ ಮೇಲೆ, ಸರ್ಕಾರದ ಪರಿಹಾರದ ದುಡ್ಡಿನಲ್ಲಿ.

ಸಂಕಟದ ವಿಷಯ ಏನೆಂದರೆ, ಆ ದಿಬ್ಬಗಳ ಯೋಜನೆ ಚಂಡಮಾರುತಕ್ಕಿಂತ ವರ್ಷಗಳ ಮೊದಲೇ ಕಾಗದದ ಮೇಲೆ ಸಿದ್ಧವಾಗಿತ್ತು.

2012ರ ಅಕ್ಟೋಬರ್ 29, ರಾತ್ರಿ ಸುಮಾರು ಏಳೂವರೆ ಗಂಟೆ. ಅಟ್ಲಾಂಟಿಕ್ ಸಿಟಿಯ ಪಕ್ಕದ ಬ್ರಿಗಂಟೀನ್ ಹತ್ತಿರ ಸ್ಯಾಂಡಿ ದಡಕ್ಕೆ ಅಪ್ಪಳಿಸಿತು. ಅವತ್ತು ಹುಣ್ಣಿಮೆ, ಉಬ್ಬರ ಜಾಸ್ತಿ. ಉತ್ತರಕ್ಕಿರುವ ಮ್ಯಾಂಟೊಲೋಕಿಂಗ್ ಎಂಬ ಚಿಕ್ಕ ಊರಿನಲ್ಲಿ 521 ಮನೆಗಳಿದ್ದವು. ಪೆಟ್ಟು ಬೀಳದ ಮನೆ ಒಂದೂ ಉಳಿಯಲಿಲ್ಲ. ಸುಮಾರು 60 ಮನೆ ಕೊಚ್ಚಿಹೋದವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬಾರ್ನೆಗಾಟ್ ಕೊಲ್ಲಿ, ನಡುವೆ ಕಿರಿದಾದ ನೆಲ. ಸೇತುವೆಯ ಬುಡದಲ್ಲೇ ಸಮುದ್ರ ಆ ನೆಲವನ್ನು ಸೀಳಿ ಕೊಲ್ಲಿಗೆ ಸೇರಿಕೊಂಡಿತು.

ಅಲ್ಲಿಂದ ದಕ್ಷಿಣಕ್ಕೆ ಅದೇ ನೆಲಪಟ್ಟಿಯಲ್ಲಿ ಮಿಡ್‌ವೇ ಬೀಚ್ ಎಂಬ ಪುಟ್ಟ ಬಡಾವಣೆ ಇದೆ. ಅಲ್ಲಿನ ಜನ ಹಲವು ದಶಕಗಳಿಂದ ತಾವೇ ಬೇಲಿ ಹಾಕಿ, ಹುಲ್ಲು ನೆಟ್ಟು ದಿಬ್ಬ ಬೆಳೆಸಿಕೊಂಡು ಬಂದಿದ್ದರು. ಸ್ಯಾಂಡಿ ಬರುವ ಹೊತ್ತಿಗೆ ಅದು 25 ಅಡಿ ಎತ್ತರವಾಗಿತ್ತು. ಆ ರಾತ್ರಿ ಸಮುದ್ರ ಅದನ್ನು ದಾಟಲಿಲ್ಲ. ಹಿಂದಿದ್ದ ಚಿಕ್ಕ ಚಿಕ್ಕ ಬಂಗಲೆಗಳು ಉಳಿದವು.

ದಿಬ್ಬ ಕಾಪಾಡುವ ರೀತಿ ನಾವು ಅಂದುಕೊಂಡಂತೆ ಇರುವುದಿಲ್ಲ. ಅದು ಕೆರೆ ಏರಿಯ ಹಾಗೆ ಗಟ್ಟಿಯಾಗಿ ನಿಂತು ನೀರು ತಡೆಯುವುದಲ್ಲ. ಅಲೆ ಬಂದು ದಿಬ್ಬವನ್ನು ತಿನ್ನುತ್ತದೆ, ತಿನ್ನಲೇಬೇಕು. ಹಾಗೆ ಕುಸಿದ ಮರಳು ನೀರಿನೊಳಗೆ ಹೋಗಿ ದಡದಿಂದ ಸ್ವಲ್ಪ ದೂರದಲ್ಲಿ ರಾಶಿಯಾಗುತ್ತದೆ. ಆಮೇಲೆ ಬರುವ ಅಲೆ ಆ ರಾಶಿಯ ಮೇಲೆ ಒಡೆದು ಬಲ ಕಳೆದುಕೊಳ್ಳುತ್ತದೆ. ತಿನ್ನಿಸಿಕೊಳ್ಳುವಷ್ಟು ಮರಳು ಬಿರುಗಾಳಿ ಮುಗಿಯುವ ತನಕ ಇದ್ದರೆ ಹಿಂದಿನ ಮನೆ ಉಳಿಯುತ್ತದೆ. ಅಂದಮೇಲೆ ಪ್ರತಿ ದೊಡ್ಡ ಗಾಳಿಯ ನಂತರ ದಿಬ್ಬವನ್ನು ಮತ್ತೆ ತುಂಬಬೇಕು. ಒಮ್ಮೆ ಕಟ್ಟಿ ಮರೆತುಬಿಡುವ ಕಾಮಗಾರಿ ಇದಲ್ಲ.

ಹಿಡಿದಿಡುವ ಕೆಲಸ ಹುಲ್ಲಿನದ್ದು. ಅಟ್ಲಾಂಟಿಕ್ ತೀರದ ಬೀಚ್ ಹುಲ್ಲಿಗೆ ಒಂದು ವಿಶೇಷ ಗುಣ ಇದೆ. ಮರಳು ಮೇಲೆ ಬಿದ್ದು ಮುಚ್ಚಿದಷ್ಟೂ ಅದು ಮೇಲಕ್ಕೆ ಚಿಗುರುತ್ತದೆ, ಬೇರು ಅಡ್ಡಕ್ಕೆ ಹಬ್ಬುತ್ತದೆ. ನೆಡುವುದು ಚಳಿಗಾಲದ ಆಸುಪಾಸು. ಕೋಲಿನಿಂದ 8 ಇಂಚು ಆಳ ತೂತು ಮಾಡಿ, ಎರಡು ಮೂರು ಕಡ್ಡಿ ಇಳಿಸಿ, ಕಾಲಿನಿಂದ ಒತ್ತಿ, 18 ಇಂಚು ಬಿಟ್ಟು ಮುಂದಿನ ತೂತು. ಕಷ್ಟದ ವಿದ್ಯೆ ಏನಲ್ಲ. ತಾಳ್ಮೆ ಬೇಕು, ಕೈಗಳು ಬೇಕು.

ಸರ್ಕಾರ ಈ ಕೆಲಸಕ್ಕೆ ದೊಡ್ಡದಾಗಿ ಕೈ ಹಾಕಿದ್ದು 1930ರ ದಶಕದಲ್ಲಿ, ಉತ್ತರ ಕೆರೊಲಿನಾದ ಔಟರ್ ಬ್ಯಾಂಕ್ಸ್ ದ್ವೀಪಗಳಲ್ಲಿ. 1933ರಲ್ಲಿ ಅಲ್ಲಿಗೆ ಒಂದರ ಹಿಂದೆ ಒಂದು ಚಂಡಮಾರುತ ಬಂದಿದ್ದವು. ಆರ್ಥಿಕ ಕುಸಿತದ ಕಾಲ, ಕೆಲಸವಿಲ್ಲದ ಯುವಕರು ಬೇಕಾದಷ್ಟು ಇದ್ದರು. ಸರ್ಕಾರದ ಉದ್ಯೋಗ ಯೋಜನೆಯಲ್ಲಿ ಅವರು ಸುಮಾರು 1,000 ಕಿಲೋಮೀಟರ್ ಉದ್ದದ ಬೇಲಿ ಹಾಕಿದರು, ಹುಲ್ಲು ನೆಟ್ಟರು. ಉದ್ದಕ್ಕೂ ಒಂದೇ ದಿಬ್ಬ ಎದ್ದು ನಿಂತಿತು. ಕೆಲವು ದಶಕಗಳ ನಂತರ ವಿಜ್ಞಾನಿಗಳು ಒಂದು ಎಚ್ಚರಿಕೆ ಕೊಟ್ಟರು: ಇಂಥ ದ್ವೀಪಗಳು ಬದುಕುವುದೇ ಬಿರುಗಾಳಿ ಆಗಾಗ ಮರಳನ್ನು ಒಳಗೆ ಎಸೆಯುವುದರಿಂದ. ಅದನ್ನು ಪೂರ್ತಿ ತಡೆದರೆ ಮುಂದಿನ ಬೀಚ್ ಸಣ್ಣದಾಗುತ್ತದೆ. 1970ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆ ಅಲ್ಲಿ ದಿಬ್ಬ ರಿಪೇರಿ ಮಾಡುವುದನ್ನೇ ಬಿಟ್ಟಿತು. ಈ ವಾದದಲ್ಲಿ ತೂಕ ಇದೆ. ಆದರೆ ನ್ಯೂಜೆರ್ಸಿಯಲ್ಲಿ ದಿಬ್ಬದ ಬೆನ್ನಿಗೇ ಮನೆಗಳು ನಿಂತುಬಿಟ್ಟಿದ್ದವು.

1962ರ ಮಾರ್ಚ್‌ನಲ್ಲಿ ಬಂದ ಬಿರುಗಾಳಿ ಐದು ಉಬ್ಬರಗಳ ತನಕ ನಿಲ್ಲಲಿಲ್ಲ. ನ್ಯೂಜೆರ್ಸಿಯ ಲಾಂಗ್ ಬೀಚ್ ಐಲ್ಯಾಂಡ್ ಎಂಬ ದ್ವೀಪ ತುಂಡಾಯಿತು, ನೌಕಾಪಡೆಯ ಒಂದು ಹಡಗೇ ದಡಕ್ಕೆ ಬಂದು ಕೂತಿತು. ಅಷ್ಟೆಲ್ಲ ಆದರೂ, ಆ ದ್ವೀಪದ ದಿಬ್ಬ ಯೋಜನೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು 2000ದಲ್ಲಿ. ಮ್ಯಾಂಟೊಲೋಕಿಂಗ್ ಇರುವ ಭಾಗಕ್ಕೆ 2007ರಲ್ಲಿ. ಒಪ್ಪಿಗೆ ಸಿಕ್ಕಿತು, ದುಡ್ಡು ಬರಲಿಲ್ಲ. ಲಾಂಗ್ ಬೀಚ್ ಐಲ್ಯಾಂಡ್‌ನಲ್ಲಿ ಸರ್ಫ್ ಸಿಟಿ, ಹಾರ್ವಿ ಸೀಡರ್ಸ್‌ನಂಥ ಕೆಲವು ಊರುಗಳಲ್ಲಿ ಮಾತ್ರ ಕೆಲಸ ನಡೆಯಿತು. ಸಮುದ್ರದ ತಳದಿಂದ ಹೀರಿ ತಂದ ಮರಳಿನ ಜೊತೆ ಸರ್ಫ್ ಸಿಟಿಯಲ್ಲಿ ಹಳೇ ಮಿಲಿಟರಿ ಮದ್ದುಗುಂಡುಗಳೂ ಬಂದವು! ಸಾವಿರಕ್ಕೂ ಹೆಚ್ಚು ಸಿಕ್ಕಿ, 2007ರಲ್ಲಿ ಬೀಚ್ ಮುಚ್ಚಬೇಕಾಯಿತು. ಏನೇ ಆದರೂ, ಮೊದಲೇ ದಿಬ್ಬ ಕಟ್ಟಿಸಿಕೊಂಡಿದ್ದ ಊರುಗಳು ಸ್ಯಾಂಡಿ ಬಂದಾಗ ಪಕ್ಕದ ಊರುಗಳಿಗಿಂತ ಎಷ್ಟೋ ಕಡಿಮೆ ಹಾನಿಯಲ್ಲಿ ಪಾರಾದವು.

ಪರಿಹಾರದ ನಿಯಮ ಕೂಡ ಇಲ್ಲಿ ಗೊತ್ತಿರಬೇಕು. ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಬೀಚ್ ಅನ್ನು ಪೂರ್ತಿಯಾಗಿ ಮತ್ತೆ ಕಟ್ಟಿಸಲು ದುಡ್ಡು ಕೊಡಬೇಕಾದರೆ, ಅದು ಮೊದಲೇ ವಿನ್ಯಾಸದ ಪ್ರಕಾರ ಕಟ್ಟಿದ್ದಾಗಿರಬೇಕು, ನಿಯಮಿತವಾಗಿ ನೋಡಿಕೊಂಡಿದ್ದಕ್ಕೆ ದಾಖಲೆ ಇರಬೇಕು. ತಾನಾಗಿ ಬೆಳೆದ ದಿಬ್ಬ ಕೊಚ್ಚಿಹೋದರೆ ಸಿಗುವುದು ತುರ್ತಿನ ಒಡ್ಡು ಮಾತ್ರ. ಒಂದಡಿ ಉದ್ದಕ್ಕೆ ಹೆಚ್ಚೆಂದರೆ 6 ಘನ ಗಜ ಮರಳು, ಐದು ವರ್ಷಕ್ಕೊಮ್ಮೆ ಬರುವಂಥ ಬಿರುಗಾಳಿ ತಡೆಯುವಷ್ಟು. ಅಂದರೆ ಕಾಗದ ಇದ್ದವರಿಗೆ ಪೂರ್ತಿ ದಿಬ್ಬ, ಇಲ್ಲದವರಿಗೆ ಗುಡ್ಡೆ ಮರಳು. ಲೆಕ್ಕಪತ್ರದ ದೃಷ್ಟಿಯಿಂದ ಇದು ಸರಿಯೇ ಇರಬಹುದು. ಆದರೆ ಬಡ ಊರುಗಳು, ಎಂಜಿನಿಯರ್ ಇಟ್ಟುಕೊಳ್ಳಲಾಗದ ಊರುಗಳು ಇದರಲ್ಲಿ ಹಿಂದೆ ಬೀಳುತ್ತವೆ, ಅಲ್ವಾ?

2013ರ ಜನವರಿ 29ರಂದು ಸ್ಯಾಂಡಿ ಪರಿಹಾರದ ಕಾಯ್ದೆಗೆ ಸಹಿ ಬಿತ್ತು. ಒಟ್ಟು ಸುಮಾರು 5,000 ಕೋಟಿ ಡಾಲರ್. ಅದರಲ್ಲಿ ಈ ದಿಬ್ಬಗಳನ್ನು ಕಟ್ಟುವ ಸೇನೆಯ ಎಂಜಿನಿಯರ್ ದಳಕ್ಕೆ 500 ಕೋಟಿಗಿಂತ ಜಾಸ್ತಿ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಯೋಜನೆಗಳಿಗೆ ಒಂದೇ ಸಲ ಜೀವ ಬಂತು. ಅರ್ಧದಲ್ಲಿದ್ದ ಕಾಮಗಾರಿಗಳ ಖರ್ಚು ಪೂರ್ತಿ ಕೇಂದ್ರದ್ದು.

ಈಗ ತಡೆ ಬಂದದ್ದು ಜಾಗದಿಂದ. ದಿಬ್ಬ ನಿಲ್ಲಬೇಕಾದ ಮರಳು ಎಷ್ಟೋ ಕಡೆ ಮನೆಯವರ ಖಾಸಗಿ ಆಸ್ತಿ. ಅವರು ಶಾಶ್ವತ ಬಳಕೆಯ ಹಕ್ಕು ಬರೆದುಕೊಡಬೇಕು. ನೂರಾರು ಜನ ಕೊಡಲಿಲ್ಲ. ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ ಎಂಬುದು ಒಂದು ಕಾರಣ, ಸಾರ್ವಜನಿಕರು ಮನೆ ಮುಂದೆ ಬಂದು ಕೂರುತ್ತಾರೆ ಎಂಬುದು ಇನ್ನೊಂದು.

ಹಾರ್ವಿ ಸೀಡರ್ಸ್‌ನ ಒಂದು ದಂಪತಿಯ ಕೇಸ್ ಎಲ್ಲಕ್ಕೂ ದಾರಿ ತೋರಿಸಿತು. ಸ್ಯಾಂಡಿಗೆ ಮುಂಚೆಯೇ 22 ಅಡಿ ದಿಬ್ಬಕ್ಕಾಗಿ ಊರಿನ ಆಡಳಿತ ಅವರ ಜಾಗದ ಕಾಲು ಭಾಗಕ್ಕಿಂತ ಹೆಚ್ಚು ತೆಗೆದುಕೊಂಡಿತ್ತು. ಕೊಡುತ್ತೇವೆ ಎಂದದ್ದು 300 ಡಾಲರ್. ದಂಪತಿ ಕೋರ್ಟಿಗೆ ಹೋದರು. ನೋಟ ಹೋಯಿತು ಎಂಬ ಕಾರಣಕ್ಕೆ ಜ್ಯೂರಿ 3,75,000 ಡಾಲರ್ ಕೊಡಿಸಿತು. ಪ್ರತಿ ಮನೆಗೂ ಇಷ್ಟು ಕೊಡಬೇಕಾದರೆ ತೀರದಲ್ಲಿ ದಿಬ್ಬವೇ ಏಳುತ್ತಿರಲಿಲ್ಲ. 2013ರ ಜುಲೈನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಷ್ಟ ಲೆಕ್ಕ ಹಾಕುವಾಗ ದಿಬ್ಬದಿಂದ ಮನೆಗೆ ಸಿಕ್ಕ ರಕ್ಷಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದಿತು. ಅಷ್ಟರಲ್ಲಿ ಸ್ಯಾಂಡಿ ಬಂದುಹೋಗಿತ್ತು, ಮನೆ ಉಳಿದಿತ್ತು. ಕೆಲವೇ ತಿಂಗಳಲ್ಲಿ ಕೇಸ್ ರಾಜಿಯಾಯಿತು, 1 ಡಾಲರ್‌ಗೆ. ಈ ತೀರ್ಪು ಸರಿ ಎಂದೇ ನನ್ನ ನಂಬಿಕೆ. ಒಬ್ಬರು ಬಿಟ್ಟ ಸಂದಿಯಿಂದ ನೀರು ಒಳಗೆ ಬಂದರೆ ಇಡೀ ಬೀದಿ ಮುಳುಗುತ್ತದೆ.

ಆದರೂ ಮ್ಯಾಂಟೊಲೋಕಿಂಗ್ ಭಾಗದ 14 ಮೈಲಿಯಲ್ಲಿ ಮರಳು ಬೀಳತೊಡಗಿದ್ದು 2017ರಲ್ಲಿ. ಅಷ್ಟರ ತನಕ ಹೆದ್ದಾರಿ ಉಳಿಸಲು 4 ಮೈಲಿ ಉದ್ದದ ಉಕ್ಕಿನ ಗೋಡೆ ಹೂಳಿದ್ದರು. ನಂತರ ಸುಮಾರು 1.1 ಕೋಟಿ ಘನ ಗಜ ಮರಳು ಸುರಿದು, 22 ಅಡಿಯ ದಿಬ್ಬ ಎಬ್ಬಿಸಿದರು.

ವಿರೋಧ ಮಾಡಿದವರೆಲ್ಲ ಬರೀ ಸ್ವಾರ್ಥಿಗಳಾಗಿರಲಿಲ್ಲ. ಬೇ ಹೆಡ್ ಊರಿನಲ್ಲಿ 1882ರ ಒಂದು ಕಲ್ಲಿನ ಗೋಡೆ ಮರಳಿನಡಿ ಹೂತುಹೋಗಿತ್ತು. ಸ್ಯಾಂಡಿ ಮರಳನ್ನು ಕೆರೆದಾಗ ಅದು ಹೊರಬಂತು, ಊರಿಗೆ ಆಸರೆಯಾಯಿತು. ಪಕ್ಕದ ಮ್ಯಾಂಟೊಲೋಕಿಂಗ್‌ಗೆ ಹೋಲಿಸಿದರೆ ಅಲ್ಲಿ ಹಾನಿ ಬಹಳ ಕಡಿಮೆ. ನಮಗೆ ಗೋಡೆ ಸಾಕು ಎಂದು ಅಲ್ಲಿನವರು ಕೋರ್ಟಿಗೆ ಹೋದರು, ಸೋತರು. ಮಾರ್ಗೇಟ್ ಎಂಬ ಇನ್ನೊಂದು ಊರಿನವರು ದಿಬ್ಬದ ಹಿಂದೆ ಮಳೆನೀರು ನಿಲ್ಲುತ್ತದೆ ಎಂದು ಮೊದಲೇ ಹೇಳಿದ್ದರು. 2017ರ ಬೇಸಿಗೆಯಲ್ಲಿ ನಿಂತೂ ಬಿಟ್ಟಿತು, ಕೆಲಸ ಸ್ವಲ್ಪ ದಿನ ನಿಲ್ಲಿಸಬೇಕಾಯಿತು. ಅವರ ಮಾತನ್ನು ವಿನ್ಯಾಸ ಮಾಡುವಾಗಲೇ ಕೇಳಿದ್ದರೆ ಒಳ್ಳೆಯದಿತ್ತು.

ಕಟ್ಟುವುದಕ್ಕಿಂತ ಉಳಿಸಿಕೊಳ್ಳುವುದು ಉದ್ದದ ಕೆಲಸ. ಈ ಯೋಜನೆಗಳ ಕರಾರು 50 ವರ್ಷದ್ದು. ಕೆಲವೇ ವರ್ಷಗಳಿಗೊಮ್ಮೆ ಮರಳು ತುಂಬಬೇಕು, ಖರ್ಚಿನಲ್ಲಿ ಅರ್ಧ ಕೇಂದ್ರದ್ದು. ರಾಜ್ಯದ ತೀರ ರಕ್ಷಣಾ ನಿಧಿಗೆ 1998ರ ಕಾನೂನು ಗೊತ್ತುಮಾಡಿದ್ದು ವರ್ಷಕ್ಕೆ 2.5 ಕೋಟಿ ಡಾಲರ್. ಆಮೇಲೆ ಮನೆಗಳ ಬೆಲೆಯೂ ಮರಳಿನ ಬೆಲೆಯೂ ಎಲ್ಲಿಗೋ ಹೋದವು. ಹೊಸ ದಿಬ್ಬ ಆಗಿನ್ನೂ ಸಿಗದಿದ್ದ ನಾರ್ತ್ ವೈಲ್ಡ್‌ವುಡ್ ಊರು ವರ್ಷಗಟ್ಟಲೆ ಲಾರಿಗಳಲ್ಲಿ ಮರಳು ತಂದು ಸುರಿಯಿತು, ರಾಜ್ಯದ ಜೊತೆ ಕೋರ್ಟಿನಲ್ಲಿ ಜಗಳವಾಡಿತು. ಅಲ್ಲಿನ ದಿಬ್ಬ ಸವೆದು ತೂತಾದ ಮೇಲೆ, 2024ರಲ್ಲಿ ರಾಜ್ಯ ತುರ್ತಾಗಿ ಮರಳು ತುಂಬಿಸಿತು. ಅಲ್ಲೂ ಅದೇ ಕ್ರಮ: ಮೊದಲು ಹಾನಿ, ಆಮೇಲೆ ಹಣ.

2025ರಲ್ಲಿ ಬೀಚ್‌ಗಳಿಗೆ ಮರಳು ತುಂಬಲು ಕೇಂದ್ರದ ಬಜೆಟ್‌ನಿಂದ ದುಡ್ಡೇ ಸಿಗಲಿಲ್ಲ. 1996ರ ನಂತರ ಹೀಗಾದದ್ದು ಇದೇ ಮೊದಲು. ಮ್ಯಾಂಟೊಲೋಕಿಂಗ್ ಭಾಗದಲ್ಲಿ ಸ್ಯಾಂಡಿ ಹಣದಲ್ಲಿ ಎದ್ದ ದಿಬ್ಬಗಳಿಗೆ ಆಗಿನ್ನೂ ಹತ್ತು ವರ್ಷ ಕೂಡ ತುಂಬಿರಲಿಲ್ಲ. ಕರಾರಿನ ಪ್ರಕಾರ ಇನ್ನು ನಲವತ್ತಕ್ಕೂ ಹೆಚ್ಚು ವರ್ಷ ಅವುಗಳಿಗೆ ಮರಳು ಸುರಿಯಬೇಕು.