ಅಪೆಂಡ್ ಮಾಡಿದರೆ ಸೀರೆ ಮಾಯ: ಎಕ್ಸ್‌ಎಂಎಲ್ ನೋಡ್ ನಕಲು ಮಾಡುವ ಟಿಪ್ಪಣಿ

ಇಳಕಲ್‌ನಲ್ಲಿ ನಮ್ಮ ಸೋದರಮಾವನ ಸೀರೆ ಅಂಗಡಿ ಇದೆ. ಮಾಲಿನ ಪಟ್ಟಿಯನ್ನು ಎಕ್ಸ್‌ಎಂಎಲ್ (ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಬರೆದಿಡುವ ಬಗೆ) ಫೈಲಿನಲ್ಲಿ ಇಟ್ಟುಕೊಟ್ಟವನು ನಾನೇ. ಟ್ಯಾಗ್ ಹೆಸರೂ ಕನ್ನಡದಲ್ಲೇ ಇವೆ. ಎಕ್ಸ್‌ಎಂಎಲ್ ಅದಕ್ಕೆ ತಕರಾರು ತೆಗೆಯುವುದಿಲ್ಲ.

<ಸೀರೆ ದಡಿ="ಗೋಮಿ" ಅಸಲು="1450">ಹಸಿರು</ಸೀರೆ>

"ಗೋಮಿ ದಡಿಯವು ಅಷ್ಟ ಬ್ಯಾರೆ ಫೈಲ್ ಮಾಡಿ ಕೊಡಪಾ, ಗಿರಾಕಿಗೆ ಕಳಸೂದೈತಿ. ಅಸಲು ಕಾಣಬಾರದ ನೋಡ" ಅಂದರು ಮಾವ. ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಇಡೀ ಸಂಜೆ ಹೋಯಿತು.

ಫೈಲ್ ಓದುವುದು, ಫೈಂಡ್‌ಆಲ್‌ನಿಂದ ಹುಡುಕುವುದು ನಿಮಗೆ ಗೊತ್ತಿರುತ್ತೆ, ಬಿಡಿ. ಪೈಥಾನ್‌ನ ಎಲ್‌ಎಕ್ಸ್‌ಎಂಎಲ್ ಲೈಬ್ರರಿ ಬಳಸಿ ಸಿಕ್ಕ ಸೀರೆಗಳನ್ನು ಒಂದೊಂದಾಗಿ ಹೊಸ ಮರಕ್ಕೆ (ಟ್ಯಾಗ್‌ನೊಳಗೆ ಟ್ಯಾಗ್ ಕೂತ ರಚನೆಗೆ ಹೀಗನ್ನುತ್ತಾರೆ) ಅಪೆಂಡ್ ಮಾಡಿದೆ, ಅಂದರೆ ಕೊನೆಗೆ ಸೇರಿಸಿದೆ. ಪರೀಕ್ಷೆಗೆ ಇಟ್ಟುಕೊಂಡಿದ್ದು ಐದು ಸೀರೆ, ಅದರಲ್ಲಿ ಮೂರು ಗೋಮಿ. ಹೊಸ ಮರದಲ್ಲಿ ಮೂರು ಬಂದವು. ಹಳೆಯದನ್ನು ಎಣಿಸಿದರೆ ಎರಡೇ! ಎರರ್ ಗಿರರ್ ಏನೂ ಇಲ್ಲ.

ಕಾರಣ ಇಷ್ಟು. ಎಲ್‌ಎಕ್ಸ್‌ಎಂಎಲ್‌ನ ಕೆಳಗಿರುವುದು ಸಿ ಭಾಷೆಯ ಲಿಬ್‌ಎಕ್ಸ್‌ಎಂಎಲ್2. ಅಲ್ಲಿ ಒಂದು ನೋಡ್‌ಗೆ (ಮರದ ಒಂದು ತುಣುಕು, ಇಲ್ಲಿ ಒಂದು ಸೀರೆ) ಒಬ್ಬಳೇ ತಾಯಿ, ಅಂದರೆ ಅದನ್ನು ಒಳಗಿಟ್ಟುಕೊಂಡ ಮೇಲಿನ ನೋಡ್. ಇನ್ನೊಂದು ಕಡೆ ಅಪೆಂಡ್ ಮಾಡಿದರೆ ಮೊದಲ ತಾಯಿಯಿಂದ ಬಿಡಿಸಿಕೊಂಡೇ ಹೋಗುತ್ತದೆ. ಖಾತೆ ಪುಸ್ತಕದ ಹಾಳೆ ಹರಿದು ಬೇರೆ ಪುಸ್ತಕಕ್ಕೆ ಅಂಟಿಸಿದ ಹಾಗೆ.

ಸರಿ, ಪೈಥಾನ್ ಜೊತೆಗೇ ಬರುವ ಎಲಿಮೆಂಟ್‌ಟ್ರೀ ನೋಡೋಣ ಅಂದುಕೊಂಡೆ. ಅಲ್ಲಿ ನೋಡ್‌ಗೆ ತಾಯಿ ಯಾರೆಂದೇ ಗೊತ್ತಿರುವುದಿಲ್ಲ. ಹಾಗಾಗಿ ಹಳೆಯದರಲ್ಲಿ ಐದೂ ಉಳಿದವು. ಖುಷಿಯಾಗಿ ಹೊಸ ಮರದಲ್ಲಿ ಅಸಲು ಅಳಿಸಿದೆ. ಮಾವನ ಮರದಲ್ಲೂ ಅಸಲು ಹೋಯಿತು! ಎರಡೂ ಮರ ತೋರಿಸುತ್ತಿದ್ದದ್ದು ಒಂದೇ ಸೀರೆಯನ್ನು. ನನ್ನ ಪ್ರಕಾರ ಇದೇ ಜಾಸ್ತಿ ಅಪಾಯ. ಎಣಿಕೆ ಸರಿ ಇರುವುದರಿಂದ ಅನುಮಾನವೇ ಬರುವುದಿಲ್ಲ. ಮೂಲ ಫೈಲಿಗೆ ಬರೆದಿರಲಿಲ್ಲ, ಬಚಾವಾದೆ.

ಎರಡಕ್ಕೂ ಮದ್ದು ಒಂದೇ: ಪೈಥಾನ್‌ನ ಕಾಪಿ ಮಾಡ್ಯೂಲ್‌ನ ಡೀಪ್‌ಕಾಪಿ, ಅಂದರೆ ಒಳಗಿರುವುದನ್ನೆಲ್ಲ ಸೇರಿಸಿ ನಕಲು. ಮೊದಲು ನಕಲು, ಆಮೇಲೆ ನಕಲಿನಲ್ಲಿ ಅಳಿಸುವುದು, ಕೊನೆಗೆ ಅಪೆಂಡ್. ನಾನು ಒಮ್ಮೆ ಮೂಲದಲ್ಲೇ ಅಸಲು ಅಳಿಸಿ ಆಮೇಲೆ ನಕಲು ಮಾಡಿದೆ, ನಗಬೇಡಿ. ಬರೀ ಕಾಪಿ ಸಾಕಲ್ವಾ ಅಂದರೆ, ಎಲಿಮೆಂಟ್‌ಟ್ರೀಯಲ್ಲಿ ಸಾಲದು. ಮೇಲಿನ ನೋಡ್ ಹೊಸದಾಗುತ್ತದೆ, ಒಳಗಿನ ಮಕ್ಕಳು ಹಳೆಯವೇ.

ಇನ್ನು ನನ್ನ ತಲೆ ತಿಂದದ್ದು ಟೇಲ್, ಅಂದರೆ ಬಾಲ.

<ವಿವರ><ಬಣ್ಣ>ಕೆಂಪು</ಬಣ್ಣ> ಒಡಲು, ರೇಷ್ಮೆ ಸೆರಗು</ವಿವರ>

ಬಣ್ಣ ಒಂದನ್ನೇ ಡೀಪ್‌ಕಾಪಿ ಮಾಡಿದೆ. ನಕಲನ್ನು ಬರೆದು ನೋಡಿದರೆ "ಒಡಲು, ರೇಷ್ಮೆ ಸೆರಗು" ಅನ್ನುವುದೂ ಹಿಂದೆಯೇ ಬಂದಿದೆ! ನಮ್ಮ ಕಣ್ಣಿಗೆ ಆ ಮಾತು ವಿವರದ್ದು. ಈ ಎರಡು ಲೈಬ್ರರಿಗಳ ಲೆಕ್ಕದಲ್ಲಿ, ಮುಚ್ಚುವ ಟ್ಯಾಗ್ ಆದಮೇಲೆ ಮುಂದಿನ ಟ್ಯಾಗ್‌ವರೆಗಿನ ಪಠ್ಯವೆಲ್ಲ ಹಿಂದಿನ ನೋಡ್‌ನ ಬಾಲ. ನೋಡ್ ಹೋದಲ್ಲಿ ಬಾಲವೂ ಹೋಗುತ್ತದೆ. ಸಾಲುಗಳ ನಡುವಿನ ಖಾಲಿ ಜಾಗವೂ ಬಾಲವೇ. ನನ್ನ ಹೊಸ ಫೈಲಿನಲ್ಲಿ ಸಾಲುಗಳು ಸೊಟ್ಟಗಾಗಿದ್ದು ಇದರಿಂದಲೇ. ನಕಲಿನ ಟೇಲ್‌ಗೆ None (ಪೈಥಾನ್‌ನಲ್ಲಿ "ಏನೂ ಇಲ್ಲ") ಎಂದು ಕೊಟ್ಟರೆ ಬಾಲ ಕತ್ತರಿಸಿದಂತೆ. ನೆನಪಿರಲಿ, ನಕಲಿನದ್ದು! ಮೂಲದ್ದಕ್ಕೆ ಕೊಟ್ಟರೆ ಮಾವನ ಸೀರೆಗೆ ಸೆರಗೇ ಇರುವುದಿಲ್ಲ.

ಬ್ರೌಸರ್‌ನ ಡಾಮ್‌ನಲ್ಲಿ (ಪುಟವನ್ನು ಬ್ರೌಸರ್ ಇಟ್ಟುಕೊಳ್ಳುವ ಮರ) ಈ ಬಾಲದ ಕಾಟವಿಲ್ಲ, ಪಠ್ಯವೇ ಬೇರೆ ನೋಡ್. ಅಲ್ಲಿ ನಕಲು ಮಾಡುವ ಕ್ಲೋನ್‌ನೋಡ್‌ಗೆ ಟ್ರೂ ಕೊಡುವುದನ್ನು ಮಾತ್ರ ಮರೆಯಬೇಡಿ. ಮರೆತರೆ ದಡಿ, ಅಸಲು ಬರುತ್ತವೆ, ಒಳಗಿನ "ಹಸಿರು" ಬರುವುದಿಲ್ಲ.